ದಾಂಡೇಲಿಯ ಕಾಗದ, ಮ್ಯಾಂಚೆಸ್ಟರಿನ ಗೋಡೆ

ಪ್ರವಾಸವನ್ನು ಕುರಿತು ಬರೆಯುವವರು ಕಂಡ ಊರುಗಳನ್ನು ಕ್ರಮವಾಗಿ ವರ್ಣಿಸಬೇಕು ಎಂಬುದು ನನಗೆ ತಿಳಿದಿದೆ. ಆ ಕ್ರಮ ಈ ಬರಹದಲ್ಲಿ ಇಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಇಂಗ್ಲೆಂಡಿನಲ್ಲಿ ಒಂದು ಚಳಿಗಾಲವನ್ನು ಕಳೆದೆ. ಆದರೆ ರಾಣಿಯ ಅರಮನೆಯನ್ನಾಗಲಿ, ಲಂಡನ್ನಿನ ದೊಡ್ಡ ಗಡಿಯಾರವನ್ನಾಗಲಿ ನೋಡಲಿಲ್ಲ. ನೋಡಿದ್ದು ಮ್ಯಾಂಚೆಸ್ಟರಿನ ಒಂದು ಬೀದಿ, ಒಂದು ಮನೆ ಮತ್ತು ಗೋಡೆಗೆ ಅಂಟಿಸಿದ ಕೆಲವು ಕಾಗದಗಳನ್ನು. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವನು ನಾನೇ ಮೊದಲಿಗ. ಬರವಣಿಗೆಯ ಕನ್ನಡವನ್ನು ಪುಸ್ತಕಗಳಿಂದ ಕಲಿತವನು. ಆದ್ದರಿಂದ ವಾಕ್ಯಗಳಲ್ಲಿ ಬಿಗಿತ ಹೆಚ್ಚಾಗಿದ್ದರೆ, ಅಥವಾ ಮುಖ್ಯವಾದುದನ್ನು ಬಿಟ್ಟು ಸಣ್ಣದನ್ನೇ ಹಿಗ್ಗಿಸಿದ್ದರೆ ಓದುಗರು ಕ್ಷಮಿಸಬೇಕು. ಇನ್ನೊಂದು ಅರಿಕೆಯೂ ಇದೆ. ಅಲ್ಲಿಯವರು ಆಡಿದ್ದು ಇಂಗ್ಲಿಷ್. ನಮ್ಮ ಮನೆಯ ಮಾತು ಕೊಂಕಣಿ. ಎರಡನ್ನೂ ಇಲ್ಲಿ ಹಳಿಯಾಳದ ಕಡೆಯ ಕನ್ನಡದಲ್ಲಿ ಕೊಟ್ಟಿದ್ದೇನೆ. ಆ ಜನರನ್ನು ನೆನೆದಾಗ ಅವರು ನನ್ನ ಕಿವಿಯಲ್ಲಿ ಹಾಗೆಯೇ ಮಾತನಾಡುತ್ತಾರೆ.

ಸಾಂಬ್ರಾಣಿ

ನಾವು ಸಿದ್ದಿಗಳು. ನಮ್ಮ ಹಿರಿಯರು ಆಫ್ರಿಕದಿಂದ ಗೋವೆಗೂ ಗೋವೆಯಿಂದ ಈ ಕಾಡಿನ ಸೀಮೆಗೂ ಬಂದವರಂತೆ. ಹಳಿಯಾಳ ತಾಲೂಕಿನ ನಮ್ಮ ಊರಾದ ಸಾಂಬ್ರಾಣಿಯಲ್ಲಿ ಅಪ್ಪ ಬೇರೆಯವರ ಗದ್ದೆಯಲ್ಲಿ ದುಡಿಯುತ್ತಿದ್ದ. ಅವ್ವ ಬಿಡುವಿನ ಹೊತ್ತಿನಲ್ಲಿ ಕೌದಿ ಹೊಲಿಯುತ್ತಿದ್ದಳು. ಗದ್ದೆಯ ಒಡೆಯರ ಮನೆಯಲ್ಲಿ ಹರಿದು ಬಿಸಾಡಿದ ಅಂಗಿ, ಸೀರೆ, ಪರಕಾರಗಳೇ ಅವಳ ಸಾಮಗ್ರಿ.

ಕೌದಿಯನ್ನು ನಮ್ಮ ಜಿಲ್ಲೆಯಲ್ಲಿ ಹೊದೆಯದವರಿಲ್ಲ. ಆದರೆ ನಮ್ಮ ಹೆಂಗಸರು ಅದನ್ನು ಹೊಲಿಯುವ ಬಗೆ ಬೇರೆ. ಹಳೆಯ ಸೀರೆಯೊಂದನ್ನು ನೆಲದ ಮೇಲೆ ಹಾಸಿ, ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ತುಂಡುಗಳನ್ನು ಇಡುತ್ತ, ಸುತ್ತು ಸುತ್ತಾಗಿ ಒಳಗೆ ಸರಿಯುತ್ತ ಹೋಗುತ್ತಾರೆ. ನಡುವಿನ ತುಂಡು ಕಟ್ಟಕಡೆಯದು. ಅದನ್ನು ಮುಚ್ಚುವ ಮುನ್ನ ನಮ್ಮ ಅವ್ವ ಒಂದು ಚಿಟಿಕೆ ಅಕ್ಕಿಯನ್ನು ಒಳಗೆ ಇಡುತ್ತಾಳೆ. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ ಎಂದು ಅವಳ ನಂಬಿಕೆ. ಎಲ್ಲ ಮುಗಿದ ಮೇಲೆ ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ಮಡಚಿ ಮಾಡಿದ ಹೂವು ಬರಬೇಕು. ನಾವು ಅದಕ್ಕೆ ಫುಲಾ ಎನ್ನುತ್ತೇವೆ. ಫುಲಾ ಇಲ್ಲದ ಕೌದಿ ಬತ್ತಲೆ ಇದ್ದಂತೆ.

ಅವಳು ಕೌದಿಯನ್ನು ಒಗೆದಾಗ ಹಿತ್ತಲಲ್ಲಿಯೇ ಒಣಹಾಕುತ್ತಿದ್ದಳು. ಮುಂದಿನ ಅಂಗಳದಲ್ಲಿ ಹಾಕಿದರೆ ದಾರಿಹೋಕರು, "ಏನವಾ, ಊರಿನ ಚಿಂದಿ ಎಲ್ಲಾ ನಿಮ್ಮನ್ಯಾಗ ಐತೇನು?" ಎಂದು ನಗುತ್ತಿದ್ದರು.

ನಾನು ಆಗ ದಾಂಡೇಲಿಯ ಕಾಗದದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಹಂಗಾಮಿ ಸಹಾಯಕನಾಗಿದ್ದೆ. ಜೋಯಿಡಾದ ಕಾಡಿನಿಂದ ಬರುವ ಬಿದಿರು ಕಾಗದವಾಗುವುದನ್ನು ದಿನವೂ ನೋಡುತ್ತಿದ್ದೆ. ಮ್ಯಾಂಚೆಸ್ಟರಿನ ಒಂದು ತಾಂತ್ರಿಕ ಶಾಲೆಯಲ್ಲಿ ಕಾಗದದ ಪರೀಕ್ಷೆಯನ್ನು ಕಲಿತು ಬರಲು ಬೇರೊಬ್ಬರು ಹೋಗಬೇಕಿತ್ತು. ಅವರಿಗೆ ಕಾಮಾಲೆಯಾದ ಕಾರಣ ಆ ಅವಕಾಶ ನನಗೆ ಬಂತು. ಪ್ರಯೋಗಾಲಯದ ಮುಖ್ಯಸ್ಥರಾದ ಪಾಟೀಲ ಸಾಹೇಬರು ನನ್ನನ್ನು ಕರೆದು ಕೂರಿಸಿಕೊಂಡರು.

"ಅಂತೋನ್, ಅಲ್ಲಿ ಸಾಲ್ಯಾಗಿನವರು ಚಲೋ ವರದಿ ಬರದ್ರ ನೀ ಖಾಯಂ ಆಗ್ತಿ. ಖಾಯಂ ಆದ್ರ ಬಂಗೂರನಗರದಾಗ ಕ್ವಾರ್ಟರ್ಸ್ ಸಿಗತೈತಿ. ತಿಳೀತಿಲ್ಲೊ?"

"ತಿಳೀತ್ರಿ."

"ಮತ್ತ ಇನ್ನೊಂದ್ ಮಾತು. ಅಲ್ಲಿ ಧರಣಿ, ಮೆರವಣಿಗಿ ಭಾಳ ನಡೀತಾವಂತ. ರಾಜಕೀಯದ ಮಂದಿ ಕಡೆ ಹೊಳ್ಳಿ ಸುದ್ದಾ ನೋಡಬ್ಯಾಡ. ಕಂಪನಿ ಹೆಸರು ಕೆಟ್ಟರ ಮುಗೀತು."

ಈ ಮಾತಿನ ಭಾರ ನನಗೊಬ್ಬನಿಗೆ ಸೇರಿದ್ದಲ್ಲ. ನನ್ನ ತಂಗಿ ಲೂಸಿ ಹತ್ತನೆಯ ತರಗತಿಯನ್ನು ಮುಗಿಸಿದ್ದಳು. ಕಾಲೇಜು ಇದ್ದುದು ದಾಂಡೇಲಿಯ ಕಾರ್ಖಾನೆಯವರ ಬಡಾವಣೆಯಾದ ಬಂಗೂರನಗರದಲ್ಲಿ. ಸಾಂಬ್ರಾಣಿಯಿಂದ ದಿನವೂ ಬಸ್ಸನ್ನು ನಂಬಿ ಹೋಗಿಬರುವುದು ಆಗದ ಮಾತು. ಅಪ್ಪ ತೀರ್ಮಾನವನ್ನು ಆಗಲೇ ಹೇಳಿದ್ದ: "ಕ್ವಾರ್ಟರ್ಸ್ ಸಿಕ್ಕರ ಕಲೀಲಿ. ಇಲ್ಲಂದ್ರ ನನ್ನ ಕೂಡ ಗದ್ದಿಗೆ ಬರಲಿ." ಲೂಸಿ ನನ್ನ ಪೆಟ್ಟಿಗೆಯ ಮೇಲಿನ ಧೂಳನ್ನು ಒರೆಸಿದಳು.

ಮುಂಬಯಿ

ಪೆಟ್ಟಿಗೆಯಲ್ಲಿ ಮುಂಡಗೋಡದ ಟಿಬೆಟಿಯನ್ನರಿಂದ ಕೊಂಡ ಸ್ವೆಟರ್ ಇತ್ತು, ಪರೀಕ್ಷೆಗಾಗಿ ಕಳುಹಿಸಿದ ನಮ್ಮ ಬಿದಿರಿನ ಕಾಗದದ ಕಟ್ಟುಗಳಿದ್ದವು. ಉಳಿದ ಜಾಗವನ್ನೆಲ್ಲ ಕೌದಿ ಆಕ್ರಮಿಸಿತ್ತು. ಇಂಗ್ಲೆಂಡಿನಲ್ಲಿ ಕಂಬಳಿಗಳು ಸಿಗುತ್ತವೆ ಎಂದು ಹೇಳಿದ್ದಕ್ಕೆ ಅವ್ವ, "ಸಿಗತಾವ. ನಿನ್ನ ಹೆಸರು ಗೊತ್ತಿರೂ ಕಂಬಳಿ ಸಿಗತಾವೇನು?" ಎಂದಿದ್ದಳು.

ವಿಮಾನ ನಿಲ್ದಾಣದಲ್ಲಿ ಒಬ್ಬ ಅಧಿಕಾರಿ ನನ್ನ ಪಾಸ್‌ಪೋರ್ಟನ್ನೂ ಮುಖವನ್ನೂ ಗುಂಗುರು ಕೂದಲನ್ನೂ ಸರದಿಯಂತೆ ನೋಡಿದರು. ಇದು ನಿನ್ನದೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನ್ನದೇ ಎಂದೆ. ಯಾವ ದೇಶದವನು ಎಂದರು. ಅದು ಅವರ ಕೈಯಲ್ಲಿರುವ ಪಾಸ್‌ಪೋರ್ಟಿನಲ್ಲಿಯೇ ಬರೆದಿದೆ ಎಂದು ಹೇಳಲು ಧೈರ್ಯ ಸಾಲದೆ, ಬೆಳಗಾವಿ ಕಡೆಯ ಮರಾಠಿಯಲ್ಲಿ, ನಾನು ಹಳಿಯಾಳ ತಾಲೂಕಿನವನು, ನಮ್ಮ ಊರಿನ ಕೆರೆಯಲ್ಲಿ ಒಳ್ಳೆಯ ಮೀನು ಸಿಗುತ್ತದೆ, ಎಂದು ಸಂಬಂಧವಿಲ್ಲದ್ದನ್ನೆಲ್ಲ ಹೇಳಿಬಿಟ್ಟೆ. ಅವರು ನಕ್ಕು ಮುದ್ರೆ ಒತ್ತಿದರು. ಸ್ವಂತ ದೇಶವನ್ನು ಬಿಡುವುದಕ್ಕೂ ನಾನು ಇಲ್ಲಿಯವನೆಂದು ಒಪ್ಪಿಸಬೇಕಾಯಿತು. ಆಗ ಅದನ್ನು ನಾನು ಹೆಚ್ಚು ಯೋಚಿಸಲಿಲ್ಲ, ಅಭ್ಯಾಸವಾಗಿತ್ತು.

ಮಿಸೆಸ್ ಗ್ರಾಂಟ್ ಅವರ ಮನೆ

ಮ್ಯಾಂಚೆಸ್ಟರಿನಲ್ಲಿ ಮಳೆ ನಮ್ಮ ಮಳೆಯಂತೆ ಸುರಿಯುವುದಿಲ್ಲ. ಅದು ಹೇಳದೆ ಕೇಳದೆ ಗಾಳಿಯಲ್ಲಿ ನಿಂತಿರುತ್ತದೆ. ಕೆಂಪು ಇಟ್ಟಿಗೆಯ ಮನೆಗಳೆಲ್ಲ ಒಂದೇ ಬಗೆಯವು. ಮೊದಲ ವಾರದಲ್ಲಿ ನಾನು ಒಂದು ಸಂಜೆ ತಪ್ಪು ಮನೆಯ ಬಾಗಿಲಿಗೆ ಕೀಲಿ ತಿರುಗಿಸುತ್ತ ನಿಂತಿದ್ದೆ. ಒಳಗಿನಿಂದ ಬಂದ ಅಜ್ಜ ಸಿಟ್ಟಾಗಲಿಲ್ಲ. ಛತ್ರಿ ಹಿಡಿದು ನನ್ನನ್ನು ಸರಿಯಾದ ಮನೆಗೆ ತಲುಪಿಸಿ, ದಾರಿಯುದ್ದಕ್ಕೂ ಹವಾಮಾನದ ವಿಷಯವನ್ನೇ ಮಾತನಾಡಿದ. ಅಲ್ಲಿಯ ಜನ ಒಬ್ಬರನ್ನೊಬ್ಬರು ಊಟವಾಯಿತೇ ಎಂದು ಕೇಳುವುದಿಲ್ಲ. ಹವೆಯನ್ನು ಕೇಳುತ್ತಾರೆ.

ನನಗೆ ಕೋಣೆಯನ್ನು ಕೊಟ್ಟ ಮಿಸೆಸ್ ಗ್ರಾಂಟ್ ಜಮೈಕಾ ದ್ವೀಪದಿಂದ ಬಂದು ನೆಲೆಸಿದ ವಿಧವೆ. ಬಾಗಿಲು ತೆರೆದವರೇ ನನ್ನನ್ನು ನೋಡಿ ಮುಖ ಅರಳಿಸಿದರು.

"ಬಾರಪ್ಪಾ. ನೀ ಯಾವ ದ್ವೀಪದಾಂವ?"

"ನಾ ಭಾರತದಾಂವ್ರಿ."

"ಭಾರತ? ಈ ಮಾರಿ ಇಟಗೊಂಡು?" ಅವರು ನನ್ನನ್ನು ಬೆಳಕಿಗೆ ತಿರುಗಿಸಿ ನೋಡಿದರು. "ಇರಲಿ. ನಮ್ಮವರು ಎಲ್ಲೆಲ್ಲಿ ಹೋಗ್ಯಾರ ಯಾರಿಗೆ ಗೊತ್ತು. ಕೈ ತೊಳಕೊ, ಅನ್ನ ಅವರಿಕಾಳು ಮಾಡೇನಿ."

ಆ ಮನೆಯಲ್ಲಿ ಅವರ ಮಗಳು ಶೆರಿಲ್ ಇದ್ದಳು. ಹಗಲು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಸಂಜೆ ಒಂದು ವಾದ್ಯವೃಂದದಲ್ಲಿ ಡ್ರಮ್ಮು. ವೃಂದದ ಹೆಸರು 'ವೆಟ್ ಮ್ಯಾಚಸ್', ಅಂದರೆ ತೊಯ್ದ ಬೆಂಕಿಕಡ್ಡಿಗಳು. ಅವರು ನುಡಿಸುತ್ತಿದ್ದುದು ಪಂಕ್ ಎಂಬ ಹೊಸ ಬಗೆಯ ಸಂಗೀತ. ಹಾಡುವವನು ಕೆವಿನ್, ಬಿಳಿಯ ಹುಡುಗ, ಕೆಲಸವಿಲ್ಲದವನು. ಅವನ ಕೂದಲು ಬೇಲಿಯ ಮುಳ್ಳಿನಂತೆ ನೆಟ್ಟಗೆ ನಿಂತಿರುತ್ತಿತ್ತು. ಅಂಗಿಯ ತುಂಬ ಪಿನ್ನುಗಳು. ನಮ್ಮಲ್ಲಿ ಹೆಂಗಸರು ಬಳೆಗೆ ಪಿನ್ನು ಸಿಕ್ಕಿಸಿಕೊಂಡಿರುತ್ತಾರೆ, ಬೇಕಾದಾಗ ಇರಲಿ ಎಂದು. ಇವನಿಗೂ ಅಂಥ ಮುಂದಾಲೋಚನೆ ಇರಬೇಕೆಂದು ಭಾವಿಸಿದೆ.

ಒಂದು ದಿನ ಅವನು ತನ್ನ ಅಂಗಿಯನ್ನು ಕುರ್ಚಿಯ ಮೇಲೆ ಬಿಟ್ಟು ಹೋಗಿದ್ದ. ಬೆನ್ನಿನಲ್ಲಿ ದೊಡ್ಡ ಹರಕು. ಬಡ ಹುಡುಗ, ತಾಯಿ ದೂರ ಇರಬಹುದು ಎಂದು ಮರುಗಿ, ಅವ್ವ ಕಲಿಸಿದ ಸಣ್ಣ ಹೊಲಿಗೆಯಿಂದ ಅದನ್ನು ಅಚ್ಚುಕಟ್ಟಾಗಿ ಹೊಲಿದು, ಪಿನ್ನುಗಳನ್ನು ಒಂದು ಬಟ್ಟಲಿನಲ್ಲಿ ಇಟ್ಟು, ಇಸ್ತ್ರಿಯನ್ನೂ ಮಾಡಿದೆ. ಕೆವಿನ್ ಬಂದು ಅಂಗಿಯನ್ನು ಎತ್ತಿ ಹಿಡಿದ. ಹೊಲಿಗೆಯ ಮೇಲೆ ಬೆರಳಾಡಿಸಿದ.

"ಇದನ್ನ ಯಾರು ಮಾಡಿದ್ರು?"

"ನಾನ ಮಾಡಿದೆ. ಉಪಕಾರ ಏನ್ ಬ್ಯಾಡ."

"ದೋಸ್ತ, ಈ ಹರಕು ಬರಬೇಕಂದ್ರ ನನಗ ಒಂದ್ ದಿನಾ ಪೂರ್ತಿ ಹಿಡದಿತ್ತು."

ಶೆರಿಲ್ ಗೋಡೆಗೆ ಆತುಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಮಿಸೆಸ್ ಗ್ರಾಂಟ್ ಅಡುಗೆಮನೆಯಿಂದಲೇ, "ಅದನ್ನ ಹಂಗ ಹಾಕ್ಕೊಂಡು ಹೋಗು, ಕೆವಿನ್. ಒಂದ್ ದಿನಾನರ ಮನುಷ್ಯಾನಂಗ ಕಾಣಸ್ತಿ," ಎಂದರು. ಅವನು ನಿಜವಾಗಿಯೂ ಹಾಗೆಯೇ ಹೋದ. ಆ ದಿನದಿಂದ ಕೆವಿನ್, ಶೆರಿಲ್ ಇಬ್ಬರೂ ನನ್ನನ್ನು ತಮ್ಮವನೆಂದು ಎಣಿಸತೊಡಗಿದರು.

ಮುಂದಿನ ಕೋಣೆ

ಆ ಮನೆಯ ಮುಂದಿನ ಕೋಣೆಯೇ ಅವರ ಸಂಗೀತ ಕೂಟಗಳ ಕರಪತ್ರಗಳ ಕಾರ್ಖಾನೆ. ನಮ್ಮಲ್ಲಿ ನಾಟಕದ ಕಂಪನಿಯವರು ಹಂಚುವ ಕರಪತ್ರಗಳನ್ನು ಬಲ್ಲವನಾದ ನನಗೆ ಮೊದಲ ನೋಟಕ್ಕೆ ಇವು ಹಾಳಾದ ಪ್ರತಿಗಳೆಂದು ಅನ್ನಿಸಿತು. ಒಂದು ಅಕ್ಷರ ದೊಡ್ಡದು, ಒಂದು ಸಣ್ಣದು. ಸಾಲುಗಳು ಕುಡಿದವನ ನಡಿಗೆಯಂತೆ. ಅಂಟಿನ ಕಲೆಗಳು ಹಾಗೆಯೇ ಅಚ್ಚಾಗಿದ್ದವು. ನನಗೆ ತಾಳಲಾಗದೆ ಮೇಲಿನ ಕೋಣೆಯಿಂದ ಸ್ಕೇಲನ್ನು ತಂದೆ.

"ಸ್ಕೇಲ್ ಒಳಗಿಡೋ ದೋಸ್ತ," ಎಂದ ಕೆವಿನ್.

ಶೆರಿಲ್ ಒಂದು ದಿನಪತ್ರಿಕೆಯನ್ನು ನನ್ನ ಮುಂದೆ ಹರಡಿದಳು. ಹೊರಗಿನಿಂದ ಬಂದವರು ಈ ದೇಶದಲ್ಲಿ ಅತಿಯಾದರು ಎಂಬ ಅರ್ಥದ ದಪ್ಪ ತಲೆಬರಹ ಅದರಲ್ಲಿತ್ತು.

"ಓದಿದಿ? ನಾ ಹುಟ್ಟಿದ್ದು ಇದ ಓಣ್ಯಾಗ. ನನಗ ಹೇಳ್ತಾರ, ನಿಮ್ಮ ಊರಿಗೆ ಹೋಗು ಅಂತ. ಯಾವ ಊರಿಗೆ ಹೋಗ್ಲಿ? ಬಸ್ಸಿನ ನಂಬರ್ ಹೇಳಂದ್ರ ಹೇಳಂಗಿಲ್ಲ." ಅವಳು ಕತ್ತರಿಯಿಂದ ಆ ತಲೆಬರಹದ ಅಕ್ಷರಗಳನ್ನು ಒಂದೊಂದಾಗಿ ಕತ್ತರಿಸತೊಡಗಿದಳು. "ದೊಡ್ಡ ಪ್ರೆಸ್ಸಿನವರು ನಮ್ಮ ಮಾತು ಅಚ್ಚು ಹಾಕೂದಿಲ್ಲ ಅಂದ್ರು. ಅದಕ ಅವರ ಅಕ್ಷರಾನ ತಗೋತೇವಿ. ಬೈದಿದ್ದು ಇದ ಅಕ್ಷರ, ತಿರಗಿ ಮಾತಾಡೂದೂ ಇದ ಅಕ್ಷರ."

"ಚೆಂದ ಯಾಕ ಮಾಡಬಾರದು?"

"ಚೆಂದ ಮಾಡಿದ್ರ ಕಲತವರು ಮಾಡ್ಯಾರ ಅಂತಾರ. ಇದನ್ನ ನೋಡಿದಾಂವ, 'ಇಷ್ಟ ಆದ್ರ ನಾನೂ ಮಾಡ್ತೇನಿ' ಅನಬೇಕು. ಕತ್ತರಿ, ಅಂಟು. ಯಾರ ಅಪ್ಪಣೀನೂ ಬ್ಯಾಡ."

ಒಡೆಯರ ಮನೆಯ ಹರಕು ಅಂಗಿಗಳು ನನ್ನ ಕಣ್ಣ ಮುಂದೆ ಬಂದವು. ನಾನು ಮೇಲೆ ಹೋಗಿ ಕೌದಿಯನ್ನು ತಂದು ಅವರ ಮುಂದೆ ಹಾಸಿದೆ. ಅದುವರೆಗೂ ಅದನ್ನು ಮನೆಯ ಹೊರಗಿನವರಿಗೆ ನಾನಾಗಿ ತೋರಿಸಿದವನಲ್ಲ. ಕೆವಿನ್ ಮಂಡಿಯೂರಿ ಕುಳಿತು ತುಂಡುಗಳನ್ನು ಮುಟ್ಟಿ ನೋಡಿದ. ಮಿಸೆಸ್ ಗ್ರಾಂಟ್ ಕೈ ಒರೆಸಿಕೊಂಡು ಬಂದು, ಬಾಗಿ, ಮೂಲೆಯ ಫುಲಾವನ್ನು ಎರಡು ಬೆರಳಿನಲ್ಲಿ ಹಿಡಿದರು. "ನಮ್ಮ ಅಜ್ಜಿ ಹತ್ರ ಇಂಥಾದೊಂದು ಇತ್ತು," ಎಂದಷ್ಟೇ ಹೇಳಿ ಒಳಗೆ ಹೋದರು. ಆ ದಿನ ಅನ್ನ ತಳ ಹಿಡಿಯಿತು.

ಭಾನುವಾರ

ಬರುವ ಶನಿವಾರ, ಹೊರಗಿನವರನ್ನು ಹಿಂದಕ್ಕೆ ಕಳುಹಿಸಿ ಎನ್ನುವ ಜನ ಆ ಓಣಿಯ ಮೂಲಕ ಮೆರವಣಿಗೆ ಹೊರಡುವವರಿದ್ದರು. ಅದೇ ಸಂಜೆ ಓಣಿಯ ಚರ್ಚಿನ ಸಭಾಂಗಣದಲ್ಲಿ ಕಪ್ಪು, ಬಿಳಿ ಎನ್ನದೆ ಎಲ್ಲರೂ ಸೇರುವ ಸಂಗೀತ ಕೂಟವನ್ನು ನಡೆಸಲು ಇವರು ನಿಶ್ಚಯಿಸಿದ್ದರು. ಕರಪತ್ರದ ಮೂಲ ಪ್ರತಿ ಸೋಮವಾರ ಬೆಳಿಗ್ಗೆ ಒಂದು ಸಣ್ಣ ಮುದ್ರಣಾಲಯಕ್ಕೆ ಸೇರಬೇಕಿತ್ತು. ಭಾನುವಾರ ಮಧ್ಯಾಹ್ನ ಇಬ್ಬರಿಗೂ ತಾಲೀಮು. ಕತ್ತರಿಸಿದ ಅಕ್ಷರಗಳು ಮೇಜಿನ ಮೇಲೆ ರಾಶಿಯಾಗಿದ್ದವು. ಅಂಟಿಸುವ ಕೆಲಸ ಮಾತ್ರ ಉಳಿದಿತ್ತು.

ಪಾಟೀಲ ಸಾಹೇಬರ ಮಾತು ನನಗೆ ನೆನಪಿತ್ತು. ಆದರೆ ಅಂಟಿಸುವುದು ರಾಜಕೀಯವಲ್ಲ, ಕೈಕೆಲಸ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, "ನಾ ಅಂಟಸ್ತೇನಿ, ಹೋಗಿ ಬರ್ರಿ," ಎಂದೆ. ಕಾಗದವನ್ನೂ ನಾನೇ ಕೊಡುವುದೆಂದಾಯಿತು. ಅವರ ಹಿಂದಿನ ಕರಪತ್ರಗಳು ತೆಳು ಕಾಗದದವು, ಮಳೆಗೆ ಒಂದೇ ದಿನದಲ್ಲಿ ಗೋಡೆಯಿಂದ ಕರಗಿ ಇಳಿಯುತ್ತಿದ್ದವು. ಪರೀಕ್ಷೆಗಳು ಮುಗಿದು ಉಳಿದ ನಮ್ಮ ಬಿದಿರಿನ ಹಾಳೆಗಳನ್ನು ಶಾಲೆಯಲ್ಲಿ, ಬೇಕಾದರೆ ಒಯ್ಯಿರಿ, ಇಲ್ಲವಾದರೆ ರದ್ದಿಗೆ ಹಾಕುತ್ತೇವೆ ಎಂದಿದ್ದರು. ನಾನು ಒಯ್ದಿದ್ದೆ.

ಅಂಟಿಸಲು ಕುಳಿತಾಗ ಕೈ ತಾನಾಗಿ ಕೆಳಗಿನ ಮೂಲೆಗೆ ಹೋಯಿತು. ಕೂಟದ ಘೋಷಣೆ 'ನಾವು ಇಲ್ಲಿಯವರು' ಎಂದು. ಅದನ್ನು ಮೂಲೆಯಿಂದ ಹಿಡಿದು ಅಂಚಿನ ಗುಂಟ, ಹಾಳೆಯನ್ನು ತಿರುಗಿಸುತ್ತ, ಮತ್ತೆ ಮತ್ತೆ ಬರುವಂತೆ ನಾಲ್ಕೂ ಬದಿಗೆ ಅಂಟಿಸಿದೆ. ಎರಡನೆಯ ಸುತ್ತಿಗೆ ವಾದ್ಯವೃಂದಗಳ ಹೆಸರುಗಳು ಬಂದವು. ಮೂರನೆಯ ಸುತ್ತಿಗೆ ಎಲ್ಲರೂ ಬನ್ನಿ ಎಂಬ ಮಾತು. ಕೆಲಸ ಬಹಳ ಸುಗಮವಾಗಿ ಸಾಗಿತು. ನಡುವಿಗೆ ತಲುಪಿದಾಗ ಸ್ಥಳ ಮತ್ತು ದಿನ ಉಳಿದಿದ್ದವು. ಜಾಗ ಮಾತ್ರ ಬೆಂಕಿಪೆಟ್ಟಿಗೆಯ ಅಳತೆಯಷ್ಟೇ ಉಳಿದಿತ್ತು. ಅವುಗಳನ್ನು ಪತ್ರಿಕೆಯ ಅತಿ ಸಣ್ಣ ಅಕ್ಷರಗಳಲ್ಲಿ ಅಲ್ಲಿಯೇ ತುರುಕಿದೆ. ಅವ್ವ ನಡುವನ್ನು ಕಡೆಗೆ ಇಡುತ್ತಾಳೆ. ಆದರೆ ಅವಳ ನಡುವಿನಲ್ಲಿ ಯಾರೂ ವಿಳಾಸವನ್ನು ಹುಡುಕುವುದಿಲ್ಲ ಎಂಬುದು ನನಗೆ ಹೊಳೆದದ್ದು ಅಂಟು ಒಣಗಿದ ಮೇಲೆ.

ಅವರು ಬಂದರು. ಕೆವಿನ್ ಹಾಳೆಯನ್ನು ನೋಡಿ, ತಲೆಯನ್ನು ವಾಲಿಸಿ, ಆಮೇಲೆ ಮೇಜನ್ನು ಒಂದು ಸುತ್ತು ಹಾಕಿದ. ಶೆರಿಲ್ ಎದುರು ದಿಕ್ಕಿನಿಂದ ಸುತ್ತು ಹಾಕುತ್ತಿದ್ದವಳು ಅವನಿಗೆ ಡಿಕ್ಕಿ ಹೊಡೆದಳು.

"ಎಲ್ಲಿ ಅಂತ ಬರದೇ ಇಲ್ಲಲ್ಲ?" ಎಂದ ಕೆವಿನ್.

"ನಡುವ ಐತಿ," ಎಂದೆ. "ಸ್ವಲ್ಪ ಸಣ್ಣದಾತು."

"ಸಣ್ಣದಾತು? ಇರುವಿ ಕರಕೊಂಡು ಬರಬೇಕು ಓದಾಕ."

ಅಕ್ಷರಗಳು ಮುಗಿದುಹೋಗಿದ್ದವು. ಮತ್ತೆ ಮಾಡಲು ಹೊತ್ತೂ ಇರಲಿಲ್ಲ. ಶೆರಿಲ್ ಹಾಳೆಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸುತ್ತಲೇ ಇದ್ದಳು. ಕೊನೆಗೆ ಅದನ್ನು ಮೂಗಿನ ಹತ್ತಿರ ತಂದು ನಡುವನ್ನು ಓದಿದಳು.

"ಇದು ಕೈಯಾಗ ತಗೋಳಾರದಾಂವಗ ತಿಳಿಯಂಗಿಲ್ಲ," ಎಂದಳು. "ಹಾದಿ ಮ್ಯಾಗ ಹೋಗ್ತಾ ಹೋಗ್ತಾ ಓದಾಕ ಬರಂಗಿಲ್ಲ. ನಿಂದ್ರಬೇಕು. ತಿರಗಸಬೇಕು. ಹತ್ರ ಬರಬೇಕು." ಹಾಳೆಯನ್ನು ಮೇಜಿನ ಮೇಲೆ ಇಟ್ಟು, "ಹಂಗ ಇರಲಿ. ದೂರ ನಿಂತು ಓದವರು ನಮಗ ಬ್ಯಾಡ," ಎಂದಳು.

ಸೋಮವಾರ ಬೆಳಿಗ್ಗೆಯೇ ದಾಂಡೇಲಿಯ ಕಾಗದದ ಮೇಲೆ ಅದು ಅಚ್ಚಾಯಿತು. ಮಿಸೆಸ್ ಗ್ರಾಂಟ್ ತಮ್ಮ ಒಲೆಯ ಮೇಲೆಯೇ ಮೈದಾ ಹಿಟ್ಟಿನ ಅಂಟನ್ನು ಕಾಯಿಸಿಕೊಟ್ಟರು. ಹಳಿಯಾಳದಲ್ಲಿ ಸಿನಿಮಾದ ಪೋಸ್ಟರುಗಳನ್ನು ಹಚ್ಚುವ ಅದೇ ಅಂಟು, ಅದೇ ಗಂಟುಗಳು, ಅದೇ ವಾಸನೆ. ಸಂಜೆಯೊಳಗೆ ಓಣಿಯ ಗೋಡೆಗಳು ತುಂಬಿದವು, ಉಳಿದ ಪ್ರತಿಗಳನ್ನು ಮನೆ ಮನೆಗೆ ಹಂಚಿದರು.

ಪ್ರಯೋಗಾಲಯ

ಗುರುವಾರ ನಮ್ಮ ಬೋಧಕರಾದ ಹಾರ್ಗ್ರೀವ್ಸ್ ಅವರು ಒದ್ದೆಯಾದ ಒಂದು ಹಾಳೆಯನ್ನು ಹಿಡಿದು ತರಗತಿಗೆ ಬಂದರು. ವಯಸ್ಸಾದವರು, ಕಡಮೆ ಮಾತಿನವರು, ಬಿಳಿಯ ಮೀಸೆಗೆ ಚಹಾದ ಬಣ್ಣ ಹಿಡಿದಿತ್ತು. ಬಸ್ಸಿನ ನಿಲ್ದಾಣದ ಗೋಡೆಯಿಂದ ಕಿತ್ತುದಾಗಿ ಹೇಳಿ, ಅಂಚಿನಿಂದ ಒಂದು ಎಳೆಯನ್ನು ಹರಿದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ನೋಡಿದರು. ಪುನಃ ನೋಡಿದರು.

"ಬಿದಿರು," ಎಂದರು.

ಸಹಪಾಠಿಗಳೆಲ್ಲ ನನ್ನ ಕಡೆಗೆ ತಿರುಗಿದರು. ಆ ಶಾಲೆಯಲ್ಲಿ, ಬಹುಶಃ ಆ ನಗರದಲ್ಲಿಯೇ, ಬಿದಿರಿನ ಕಾಗದ ಇದ್ದದ್ದು ನನ್ನೊಬ್ಬನ ಹತ್ತಿರ.

"ಉಳಿದವರು ಚಹಾಕ್ಕ ಹೋಗ್ರಿ," ಎಂದು ಅವರು ಬಾಗಿಲು ಮುಚ್ಚಿದರು. "ಕಾಗದ ನಿಮ್ದು. ಅದು ನನಗ ಗೊತ್ತಾತು. ಅಕ್ಷರ ಹಿಂಗ ಅಂಟಿಸಿದವರು ಯಾರು?"

ಕಾಗದವನ್ನು ಸ್ನೇಹಿತರಿಗೆ ಕೊಟ್ಟಿದ್ದೆ, ಮುಂದಿನದು ತಿಳಿಯದು, ಎಂದು ಹೇಳಬಹುದಿತ್ತು. ಆ ವಾಕ್ಯವನ್ನು ಮನಸ್ಸಿನಲ್ಲಿ ಇಂಗ್ಲಿಷಿನಲ್ಲಿ ಸಿದ್ಧಪಡಿಸಿಯೂ ಇದ್ದೆ. ಲೂಸಿ ಪೆಟ್ಟಿಗೆಯ ಧೂಳನ್ನು ಒರೆಸಿದ್ದು ಕಣ್ಣಿಗೆ ಕಟ್ಟಿತು. ವರದಿಯನ್ನು ಬರೆಯುವವರು ಇವರೇ. ಆದರೆ ಆ ಹಾಳೆ ಮೇಜಿನ ಮೇಲೆ ನನ್ನ ಎದುರಿಗೇ ಬಿದ್ದಿತ್ತು. ಮೂರು ದಿನಗಳ ಮಳೆಗೆ ಅದರ ಒಂದು ಅಂಚೂ ಕೆಟ್ಟಿರಲಿಲ್ಲ. ಅದನ್ನು ನನ್ನದಲ್ಲ ಎನ್ನಲು ನಾಲಿಗೆ ಏಳಲಿಲ್ಲ.

"ನಾನ ಅಂಟಿಸಿದ್ದು, ಸರ್."

"ಹಿಂಗ ಸುತ್ತು ಯಾಕ?"

"ನಮ್ಮವ್ವ ಹಿಂಗ ಹೊಲೀತಾಳ್ರಿ."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನಿಮ್ಮ ತಾಯೀನೂ ಈ ಚಳವಳ್ಯಾಗಿನವರ ಏನು?"

"ಅಲ್ರಿ. ಆಕಿ ಸಾಂಬ್ರಾಣಿಯಾಕಿ."

ಅವರ ಮೀಸೆ ಅಲುಗಿತೋ ಇಲ್ಲವೋ ನಾನು ಖಚಿತವಾಗಿ ಹೇಳಲಾರೆ. ಹಾಳೆಯನ್ನು ಎರಡು ಒತ್ತುಕಾಗದಗಳ ನಡುವೆ ಜೋಪಾನವಾಗಿ ಇಟ್ಟು, "ಇದು ನನ್ನ ಹತ್ರ ಇರಲಿ," ಎಂದಷ್ಟೇ ಹೇಳಿದರು.

ಚರ್ಚಿನ ಸಭಾಂಗಣ

ಶನಿವಾರ ಹೋಗಬಾರದೆಂದು ನಿರ್ಧರಿಸಿದ್ದೆ. ಆದದ್ದು ಆಯಿತು, ಇನ್ನು ಮೇಲಾದರೂ ಎಚ್ಚರದಿಂದ ಇರಬೇಕು ಎಂದುಕೊಂಡಿದ್ದೆ. ಅಷ್ಟರಲ್ಲಿ ಶೆರಿಲ್ ಬಂದು, ವೇದಿಕೆಯ ಹಿಂದಿನ ಗೋಡೆಗೆ ಕೌದಿಯನ್ನು ಕಟ್ಟಲು ಕೊಡುವೆಯಾ ಎಂದು ಕೇಳಿದಳು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಕೊಟ್ಟ ಮೇಲೆ ಅದನ್ನು ಒಂಟಿಯಾಗಿ ಕಳುಹಿಸುವುದೂ ಸರಿಕಾಣಲಿಲ್ಲ. ಮುಂಡಗೋಡದ ಸ್ವೆಟರನ್ನು ತೊಟ್ಟು ಅದರ ಹಿಂದೆ ಹೊರಟೆ.

ಮೆರವಣಿಗೆ ಮಧ್ಯಾಹ್ನವೇ ಹಾದುಹೋಗಿತ್ತು. ಕೂಗು ಕೇಳಿಸಿತ್ತು, ಓಣಿಯವರು ಬಾಗಿಲುಗಳಲ್ಲಿ ನಿಂತು ಸುಮ್ಮನೆ ನೋಡಿದ್ದರು. ಸಂಜೆ ಸಭಾಂಗಣದ ಬಾಗಿಲಿನಲ್ಲಿ ಬಂದವರೆಲ್ಲರ ಕೈಯಲ್ಲಿಯೂ ಕರಪತ್ರ ಇತ್ತು. ದೀಪದ ಕೆಳಗೆ ಅದನ್ನು ತಿರುಗಿಸುತ್ತ, ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕುತ್ತ, ಇದೇ ಸ್ಥಳವೇ ಎಂದು ಅಪರಿಚಿತರು ಅಪರಿಚಿತರನ್ನು ಕೇಳುತ್ತಿದ್ದರು. ವಿಳಾಸ ಚೆನ್ನಾಗಿ ಕಂಡಿದ್ದರೆ ಅವರೆಲ್ಲ ನೆಟ್ಟಗೆ ಒಳಗೆ ಹೋಗುತ್ತಿದ್ದರು, ಒಬ್ಬರೊಡನೊಬ್ಬರು ಮಾತನಾಡುತ್ತಿರಲಿಲ್ಲ. ಸಭಾಂಗಣ ತುಂಬಿ ಜನ ಮೆಟ್ಟಿಲುಗಳ ಮೇಲೂ ನಿಂತರು.

ಸಂಗೀತವನ್ನು ಕುರಿತು ಬರೆಯುವ ಯೋಗ್ಯತೆ ನನಗಿಲ್ಲ. ಕೆವಿನ್ ಹಾಡಿದನೋ ಜಗಳವಾಡಿದನೋ ತಿಳಿಯಲಿಲ್ಲ. ಅವನು ನಾನು ಹೊಲಿದ ಅಂಗಿಯನ್ನೇ ತೊಟ್ಟಿದ್ದ. ಹೊಲಿಗೆಯ ಪಕ್ಕದಲ್ಲಿ ಹೊಸದೊಂದು ಹರಕನ್ನು ಮಾಡಿಕೊಂಡಿದ್ದ. ಆದರೆ ಶೆರಿಲ್ ಡ್ರಮ್ಮು ಬಾರಿಸತೊಡಗಿದಾಗ ನನ್ನ ಕಾಲುಗಳಿಗೆ ಅದು ಗೊತ್ತಾಯಿತು. ನಮ್ಮವರು ಡಮಾಮಿ ಎಂಬ ಡೋಲನ್ನು ಬಾರಿಸುವಾಗ ಎದೆಯಲ್ಲಿ ಏಳುವ ಗುದ್ದು ಅದು. ಅವಳ ಹಿಂದೆ ಸಾಂಬ್ರಾಣಿಯ ಒಡೆಯರ ಅಂಗಿಗಳು, ಸೀರೆಗಳು, ನಾಲ್ಕು ಮೂಲೆಯ ಫುಲಾಗಳು ದೀಪದಲ್ಲಿ ಬೆಳಗುತ್ತಿದ್ದವು. ಹಿತ್ತಲಲ್ಲಿ ಒಣಗುತ್ತಿದ್ದ ಬಟ್ಟೆಯನ್ನು ಅಷ್ಟು ಜನ ತಲೆಯೆತ್ತಿ ನೋಡುತ್ತಿದ್ದರು.

ನನ್ನ ಪಕ್ಕದಲ್ಲಿ ನಿಂತಿದ್ದ ಮುದುಕಿಯೊಬ್ಬರು ಕಿವಿಯ ಹತ್ತಿರ ಬಾಗಿ, "ನೀವು ಎಲ್ಲಿಯವರು?" ಎಂದರು.

ಆ ಪ್ರಶ್ನೆಗೆ ನಾನು ಯಾವಾಗಲೂ ಎರಡು ಮೂರು ವಾಕ್ಯಗಳ ಉತ್ತರವನ್ನು ಕೊಡುತ್ತಿದ್ದೆ: ಎಲ್ಲಿಂದ ಬಂದೆವು, ಯಾವಾಗ ಬಂದೆವು, ಏಕೆ ಹೀಗೆ ಕಾಣುತ್ತೇವೆ ಎಂದು. ಅಂದು, "ಸಾಂಬ್ರಾಣಿ," ಎಂದು ಮಾತ್ರ ಹೇಳಿದೆ. ಅವರು ತಲೆಯಾಡಿಸಿ ಮತ್ತೆ ವೇದಿಕೆಯ ಕಡೆಗೆ ತಿರುಗಿದರು.

ಬಂಗೂರನಗರ

ವರದಿ ನನಗಿಂತ ಮೊದಲೇ ದಾಂಡೇಲಿಯನ್ನು ತಲುಪಿತ್ತು. ಪಾಟೀಲ ಸಾಹೇಬರು ನನ್ನನ್ನು ಕರೆದು ಬಾಗಿಲು ಹಾಕಿಕೊಳ್ಳಲು ಹೇಳಿದರು. ಮೇಜಿನ ಮೇಲೆ ವರದಿಯೂ ಅದಕ್ಕೆ ಲಗತ್ತಿಸಿದ ಕರಪತ್ರವೂ ಇದ್ದವು. ಸಾಹೇಬರು ಕರಪತ್ರವನ್ನು ತಿರುಗಿಸಿದರು. ಆಮೇಲೆ ತಮ್ಮ ಕುರ್ಚಿಯನ್ನೇ ಸ್ವಲ್ಪ ತಿರುಗಿಸಿದರು.

"ಏನೋ ಇದು, ಗಾಣದ ಎತ್ತು ಬರದಂಗ ಐತಿ?"

ಅವರು ವರದಿಯನ್ನು ಕೈಗೆ ಎತ್ತಿಕೊಂಡರು.

"ನಿಮ್ಮ ಮಾಸ್ತರು ಬರದಾರ, ಈ ಕಾಗದ ಮೂರ್ ದಿನಾ ಮಳ್ಯಾಗ ಗ್ವಾಡಿ ಮ್ಯಾಲ ಇತ್ತು, ಶಾಯಿ ಹರಡಲಿಲ್ಲ, ಕೀಳೂ ಮುಂದ ಹರೀಲಿಲ್ಲ ಅಂತ. ತಮ್ಮ ಪ್ರಯೋಗಾಲಯದಾಗ ಇಂಥಾ ಪರೀಕ್ಷಾ ಮಾಡಾಕ ಆಗ್ತಿರಲಿಲ್ಲ, ನೀ ಮಾಡಿ ತೋರಿಸಿದಿ ಅಂತ." ಅವರು ನಡುವಿನ ಅಕ್ಷರಗಳನ್ನು ಓದಲು ಕನ್ನಡಕವನ್ನು ಏರಿಸಿ, ಇಳಿಸಿ, ಕೈಬಿಟ್ಟರು. ಅಂಚಿನ ಘೋಷಣೆಯ ಮೇಲೆ ಮಾತ್ರ ಅವರ ಬೆರಳು ಒಂದು ಕ್ಷಣ ನಿಂತಿತು. "ಇದರಾಗ ಏನ್ ಬರದೈತಿ?"

"ಸರ್, ಅದು..."

"ಬ್ಯಾಡ, ಹೇಳಬ್ಯಾಡ. ನನ್ನ ಇಂಗ್ಲಿಷ್ ಅಷ್ಟ ಚಲೋ ಇಲ್ಲ ಅಂತ ತಿಳಕೊ." ಎಂ.ಎಸ್ಸಿ.ಯನ್ನು ಇಂಗ್ಲಿಷಿನಲ್ಲಿಯೇ ಬರೆದು ಪಾಸಾದ ಸಾಹೇಬರು ಕರಪತ್ರವನ್ನು ವರದಿಯಿಂದ ಬಿಡಿಸಿ ನನ್ನ ಕೈಗೆ ಕೊಟ್ಟರು. "ಕಾಗದ ನಮ್ದು, ಅಷ್ಟು ಸಾಕು ನನಗ. ಒಯ್ದು ನಿಮ್ಮವ್ವಗ ತೋರಸು."

ಅವ್ವ ಓದಲು ಬಾರದವಳು. ಕರಪತ್ರವನ್ನು ಮಡಿಲಿನಲ್ಲಿ ಹಾಸಿಕೊಂಡು, ಕೆಳಗಿನ ಮೂಲೆಯಲ್ಲಿ ಬೆರಳಿಟ್ಟು, ಯಾರೂ ಹೇಳಿಕೊಡದೆಯೇ ಸುತ್ತು ಸುತ್ತಾಗಿ ಹೋಗಿ ನಡುವಿಗೆ ತಲುಪಿದಳು. "ಹೊಟ್ಟಿ ಸಣ್ಣದಾಗೈತಿ," ಎಂದಳು. ಅನಂತರ ಮೂಲೆಗಳನ್ನು ನೋಡಿ ಅವಳ ಮುಖ ಗಂಭೀರವಾಯಿತು. "ಫುಲಾ ಎಲ್ಲೈತೋ? ಹಿಂಗ ಬತ್ತಲೇನ ಮಂದಿ ಮುಂದ ಹಚ್ಚಿ ಬಂದ್ಯಾ?"

"ಕಾಗದಕ್ಕ ಫುಲಾ ಹೆಂಗ ಹಚ್ಚೂದವಾ?"

ಅವಳು ಚಿಂದಿಯ ಗಂಟನ್ನು ಬಿಚ್ಚಿದಳು. ಕೆಂಪು ಬಟ್ಟೆಯ ನಾಲ್ಕು ತುಂಡುಗಳನ್ನು ಆರಿಸಿ, ಮಡಚಿ, ಸೂಜಿಗೆ ದಾರ ಪೋಣಿಸಿದಳು. ಸೂಜಿ ಹಾದಲ್ಲಿ ಕಾಗದ ಹರಿಯುತ್ತದೆ ಎಂದು ನಾನು ತಡೆಯಲು ಹೋದೆ. ಹರಿಯಲಿಲ್ಲ. ಅದು ನಮ್ಮ ಜೋಯಿಡಾದ ಬಿದಿರು.

ಇದಾದ ಮೇಲೆ ನಮ್ಮ ಮನೆಯಲ್ಲಿ ಆದ ಬದಲಾವಣೆಗಳು ಇಷ್ಟು. ನನಗೆ ಖಾಯಂ ಆಯಿತು. ಬಂಗೂರನಗರದಲ್ಲಿ ಕ್ವಾರ್ಟರ್ಸ್ ಸಿಕ್ಕಿತು. ಲೂಸಿ ಅಲ್ಲಿಯ ಕಾಲೇಜಿನಲ್ಲಿ ಓದಿ ಬಿ.ಎ. ಪಾಸಾದಳು, ಈಗ ಹಳಿಯಾಳದ ಒಂದು ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಾಳೆ. ಅಪ್ಪ ಬೇರೆಯವರ ಗದ್ದೆಗೆ ಹೋಗುವುದನ್ನು ಬಿಟ್ಟಿದ್ದಾನೆ. ನಾಲ್ಕು ಫುಲಾಗಳ ಕರಪತ್ರ ಮುಂದಿನ ಕೋಣೆಯ ಗೋಡೆಯ ಮೇಲಿದೆ. ಬಂದವರು ಅದನ್ನು ಓದಲು ಹತ್ತಿರ ಹೋಗುತ್ತಾರೆ. ಅವ್ವ ಈಗ ಕೌದಿಗಳನ್ನು ಹಿತ್ತಲಲ್ಲಿ ಒಣಹಾಕುವುದಿಲ್ಲ. ಕ್ವಾರ್ಟರ್ಸಿನ ಮುಂದೆ, ರಸ್ತೆಯ ಕಡೆಗೆ ಹಗ್ಗ ಕಟ್ಟಿಸಿಕೊಂಡಿದ್ದಾಳೆ.